ಕರ್ನಲ್ಲರ ಬಲಗೈ

ಲಕ್ವ ಹೊಡೆದವರಿಗೆ ಕಾಲು ಮೊದಲು ಬರುತ್ತದೆ, ಕೈ ಆಮೇಲೆ. ಎಷ್ಟೋ ಜನರಿಗೆ ಕೈ ಬರುವುದೇ ಇಲ್ಲ. ಬೆಂಗಳೂರಿನಲ್ಲಿ ಫಿಸಿಯೋಥೆರಪಿ ಓದುವಾಗ ನಮಗೆ ಹೇಳಿಕೊಟ್ಟದ್ದು ಹಾಗೆ. ನೈರೋಬಿಯ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ ನಾನು ಕಣ್ಣಾರೆ ಕಂಡದ್ದೂ ಅದನ್ನೇ. ಆದ್ದರಿಂದ ಊರ ಹೊರಗಿನ ಕರೆನ್ ಬಡಾವಣೆಯ ಆ ಮನೆಗೆ ಮೊದಲ ದಿನ ಹೋದಾಗ ಕೆಲಸದ ಕ್ರಮದ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಕೂರಿಸುವುದು, ನಿಲ್ಲಿಸುವುದು, ನಡೆಸುವುದು. ಕೈಯನ್ನು ದಿಂಬಿನ ಮೇಲೆ ಜೋಪಾನವಾಗಿ ಇಟ್ಟುಬಿಡುವುದು.

ಎಂಬತ್ತರ ದಶಕದ ಕೊನೆಯ ಮಾತು ಇದು. ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ನನಗೆ ಮಧ್ಯಾಹ್ನದ ಪಾಳಿ. ಬೆಳಗಿನ ಹೊತ್ತು ಮನೆಗಳಿಗೆ ಹೋಗಿ ನೋಡುತ್ತಿದ್ದೆ. ಕರೆನ್‌ಗೆ ಮಟಾಟು ವ್ಯಾನು ಹತ್ತಿ ಹೋಗಿ ಕೆಲಸವಾಗುವುದಿಲ್ಲ. ಗೇಟಿನಿಂದ ಬಾಗಿಲಿಗೇ ಒಂದು ಊರಿನಷ್ಟು ದೂರ. ನಮ್ಮ ಯಜಮಾನರನ್ನು ಯೂನಿವರ್ಸಿಟಿಯಲ್ಲಿ ಇಳಿಸಿ, ನಮ್ಮ ಹಳೆಯ ಕಾರನ್ನು ನಾನೇ ಓಡಿಸಿಕೊಂಡು ಹೋಗುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಡಿಸುವ ವಾಕರ್, ಹಗ್ಗ, ಒಂದು ರಾಟೆ, ಟವೆಲ್ಲುಗಳು, ಹರಳುಪ್ಪಿನ ಗಂಟು.

ರೋಗಿಯನ್ನು ಎಲ್ಲರೂ ಕರ್ನಲ್ ಎನ್ನುತ್ತಿದ್ದರು. ಇಂಗ್ಲೆಂಡಿನ ದೊಡ್ಡ ಜಮೀನ್ದಾರಿ ಮನೆತನದ ಎರಡನೆಯ ಮಗ. ಆ ಮನೆಗಳಲ್ಲಿ ಅಣ್ಣನಿಗೆ ಬಂಗಲೆ ಮತ್ತು ಬಿರುದು, ತಮ್ಮನಿಗೆ ಸೈನ್ಯ. ಬರ್ಮಾದ ಕಾಡಿನಲ್ಲಿ ಆಫ್ರಿಕದ ಸಿಪಾಯಿಗಳ ತುಕಡಿಯನ್ನು ನಡೆಸಿದರು. ಯುದ್ಧ ಮುಗಿದ ಮೇಲೆ ಚುನಾವಣೆಗೆ ನಿಂತು ಪಾರ್ಲಿಮೆಂಟಿಗೆ ಹೋದರು, ಸ್ವಲ್ಪ ಕಾಲ ಮಂತ್ರಿಯೂ ಆದರು, ಒಂದು ಚುನಾವಣೆಯಲ್ಲಿ ಸೋತರು. ಸೋತವರು ಊರಿನಲ್ಲಿ ಮುಖ ತೋರಿಸಲಾರದೆ ಕೀನ್ಯಾಕ್ಕೆ ಬಂದು ನೆಲೆಸಿದರು. ಇಷ್ಟೂ ಸಂಗತಿ ನನಗೆ ಗೊತ್ತಾದದ್ದು ಊಟದ ಕೋಣೆಯ ಗೋಡೆಯ ಫೋಟೋಗಳಿಂದ, ಮತ್ತು ಅವರ ಹೆಂಡತಿ ಹೇಳಿದ ತುಣುಕುಗಳಿಂದ. ಕರ್ನಲ್ಲರಿಗೆ ಮಾತು ನಿಂತುಹೋಗಿತ್ತು.

ಪೂರ್ತಿ ನಿಂತಿರಲಿಲ್ಲ. ಎರಡು ಮಾತು ಉಳಿದಿದ್ದವು. ಒಂದು, ‘ನೋ’. ಇನ್ನೊಂದು, ‘ಹಿಯರ್, ಹಿಯರ್’.

“ಪಾರ್ಲಿಮೆಂಟಿನಲ್ಲಿ ಯಾರಾದರೂ ಒಳ್ಳೆಯ ಮಾತು ಆಡಿದರೆ ಮಿಕ್ಕವರು ಕೂಗುವುದು ಹಾಗೆ,” ಎಂದು ಅವರ ಹೆಂಡತಿ ವಿವರಿಸಿದರು. ನಮ್ಮಲ್ಲಿ ಭಲೇ ಭಲೇ ಎನ್ನುವ ಹಾಗೆ ಎಂದುಕೊಂಡೆ. “ಗಂಟೆಗಟ್ಟಲೆ ಭಾಷಣ ಮಾಡುತ್ತಿದ್ದ ಮನುಷ್ಯ. ಈಗ ಸೂಪು ತಣ್ಣಗಿದ್ದರೂ ಹಿಯರ್ ಹಿಯರ್, ನಾಯಿ ಬೊಗಳಿದರೂ ಹಿಯರ್ ಹಿಯರ್.”

ಅವರನ್ನು ನಾನು ಮೇಡಂ ಎನ್ನುತ್ತಿದ್ದೆ. ಒಣಕಲು ದೇಹ, ಗಂಡಸಿನ ಅಂಗಿ, ಸದಾ ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ. ಅವರಿಗೆ ಬೇಕಾದದ್ದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿದರು. ಮನೆ ಮಾರಿಯಾಗಿತ್ತು. ಡಿಸೆಂಬರಿನಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಬೇಕು. “ವಿಮಾನದ ಮೆಟ್ಟಿಲನ್ನು ಅವರು ತಮ್ಮ ಕಾಲಿನಿಂದಲೇ ಹತ್ತಬೇಕು. ಅವರನ್ನು ಯಾರೂ ಎಲ್ಲಿಗೂ ಹೊತ್ತುಕೊಂಡು ಹೋದದ್ದಿಲ್ಲ.”

“ಪ್ರಯತ್ನ ಮಾಡೋಣ, ಮೇಡಂ,” ಎಂದೆ. ಆಗಿನ್ನೂ ಜೂನ್ ತಿಂಗಳು.

ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕರ್ನಲ್ ಕೂತಿದ್ದರು. ಆರಡಿ ಮೀರಿದ ಆಳು, ಒಂದು ಕಡೆಗೆ ವಾಲಿದ ಮರದ ಹಾಗೆ. ನಾನು ಅವರ ಬಲಹೆಗಲನ್ನು ಮುಟ್ಟಿ ನೋಡಿದೆ. ಕೀಲು ಬೆರಳಗಲ ಕೆಳಗೆ ಜಾರಿತ್ತು. ಕೈಗೆ ಜೋಲಿ ಕಟ್ಟುತ್ತಿದ್ದಾಗ ಅಂಗಳದಿಂದ ಯಾರೋ ಮೆಟ್ಟಿಲು ಹತ್ತಿ ಬಂದರು. ಕಪ್ಪಗೆ, ಸಣ್ಣಗೆ, ಗಳುವಿನಂತೆ ನೆಟ್ಟಗಿದ್ದ ಮುದುಕ. ತೇಪೆ ಹಾಕಿದ ಕೋಟು, ತಲೆಯ ಮೇಲೆ ಅಗಲ ಅಂಚಿನ ಹಳೆಯ ಮಿಲಿಟರಿ ಟೋಪಿ. ಕುರ್ಚಿಯ ಮುಂದೆ ನಿಂತು ಹಿಮ್ಮಡಿ ಜೋಡಿಸಿ ಸಲ್ಯೂಟ್ ಹೊಡೆದ.

ಹೊಡೆದ ಕೈಯನ್ನು ಇಳಿಸಲಿಲ್ಲ. ಕರ್ನಲ್ಲರ ಮುಖ ಕೆಂಪಾಯಿತು. ಅವರ ಎಡಗೈ ಕುರ್ಚಿಯ ತೋಳನ್ನು ಹಿಂಡಿತು. ಬಲಗೈ ದಿಂಬಿನ ಮೇಲೆ ಬೇರೆ ಯಾರದ್ದೋ ಸಾಮಾನಿನಂತೆ ಬಿದ್ದಿತ್ತು. ಒಳಗಿನಿಂದ ಮೇಡಂ ಬಂದು “ಬಾಸಿ, ಮ್ಝೇ, ಬಾಸಿ,” ಎಂದರು. ಸಾಕು, ಆಯಿತು ಎಂದು ಅರ್ಥ. ಆಗ ಮುದುಕ ಕೈ ಇಳಿಸಿ, ತಿರುಗಿ, ತೋಟದ ಕಡೆ ನಡೆದ.

ಮ್ಝೇ ಎಂದು ಇಲ್ಲಿ ಹಿರಿಯರನ್ನು ಕರೆಯುವುದು. ಅವರು ಬರ್ಮಾದಲ್ಲಿ ಕರ್ನಲ್ಲರ ಆರ್ಡರ್ಲಿ, ಮಚಾಕೋಸ್ ಕಡೆಯ ಕಂಬಾ ಬುಡಕಟ್ಟಿನವರು. ಕರ್ನಲ್ ಕೀನ್ಯಾಕ್ಕೆ ಬಂದ ಮೇಲೆ ಹುಡುಕಿ ಕರೆಸಿಕೊಂಡಿದ್ದರು. ಹೆಂಡತಿಯ ಜೊತೆ ಹಿತ್ತಲ ಕ್ವಾರ್ಟರ್ಸಿನಲ್ಲಿ ಇದ್ದರು. ಬೆಳಗಿನ ಸಲ್ಯೂಟ್ ಅಂದಿನಿಂದ ಬಂದ ಪದ್ಧತಿ. ಕರ್ನಲ್ ಟೋಪಿ ಹಾಕಿಕೊಂಡು ಕೂರುವುದು, ಮ್ಝೇ ಬಂದು ಸಲ್ಯೂಟ್ ಹೊಡೆಯುವುದು, ಕರ್ನಲ್ ಎದ್ದು ನಿಂತು ಉತ್ತರ ಕೊಟ್ಟು ‘ಬಾಸಿ’ ಎನ್ನುವುದು, ಆಮೇಲೆ ದಿನದ ಕೆಲಸ. ಉತ್ತರ ಬರುವ ತನಕ ಕೈ ಇಳಿಸುವಂತಿಲ್ಲ ಎಂಬುದು ಮ್ಝೇಯ ಕಾನೂನು. ಸೈನ್ಯದ ಕಾನೂನೂ ಅದೇ ಇರಬಹುದು, ನನಗೆ ತಿಳಿಯದು.

ಜೂನ್, ಜುಲೈ ನೈರೋಬಿಯಲ್ಲಿ ಮಂಜಿನ ಚಳಿ. ಕಾಲಿನ ಕೆಲಸ ನಿಧಾನವಾಗಿ ಸಾಗಿತು. ಹಾಸಿಗೆಯಲ್ಲಿ ಸೊಂಟ ಎತ್ತಿಸುವುದು, ಹೊರಳಿಸುವುದು, ಅಂಚಿಗೆ ಕೂರಿಸುವುದು, ಎರಡು ಪಾದದ ಮೇಲೂ ಸಮನಾಗಿ ಭಾರ ಬೀಳುವಂತೆ ನಿಲ್ಲಿಸುವುದು. ನಾನು ಎಣಿಸುವುದು ಕನ್ನಡದಲ್ಲಿಯೇ. ಬೇರೆ ಭಾಷೆಯಲ್ಲಿ ಎಣಿಸಿದರೆ ನನಗೆ ಕೈ ಓಡುವುದಿಲ್ಲ. ಹತ್ತು ಎಂದ ಕೂಡಲೇ ಕರ್ನಲ್ “ಹಿಯರ್, ಹಿಯರ್” ಎನ್ನುತ್ತಿದ್ದರು. ಕನ್ನಡದ ಹತ್ತು ಅಂದರೆ ಬಿಡುಗಡೆ ಎಂದು ಅವರಿಗೆ ಗೊತ್ತಾಗಿಬಿಟ್ಟಿತ್ತು.

ಮನೆಯಲ್ಲಿ ನಮ್ಮ ಯಜಮಾನರಿಗೆ ಇದೊಂದು ತಮಾಷೆಯ ವಿಷಯ.

“ನಮ್ಮಪ್ಪ ಈ ಜನರನ್ನ ಓಡಿಸೋಕೆ ಅಂತ ಜೈಲಿಗೆ ಹೋಗಿದ್ರು,” ಎಂದರು ರಾಗಿಮುದ್ದೆ ಮುರಿಯುತ್ತಾ. ಇಲ್ಲಿ ವಿಂಬಿ ಎಂದು ಸಿಗುವ ಹಿಟ್ಟು ನಮ್ಮ ರಾಗಿಯೇ. “ನೀನು ಅವರನ್ನ ಎಬ್ಬಿಸಿ ನಿಲ್ಲಿಸ್ತಿದ್ದೀಯ.”

“ಎಬ್ಬಿಸಿ ವಾಪಸ್ ಕಳಿಸೋಕೇ ಕಣ್ರೀ,” ಎಂದೆ. “ಮಾವ ಮಾಡಿದ ಕೆಲಸವನ್ನೇ ನಾನೂ ಮಾಡ್ತಿರೋದು.”

ಮಗಳು ಪುಸ್ತಕದಿಂದ ತಲೆ ಎತ್ತದೆ, “ಮಮ್ಮಿ, ದಟ್ಸ್ ನಾಟ್ ಈವನ್ ಫನಿ,” ಎಂದಳು.

ಆಗಸ್ಟಿನಲ್ಲಿ ಒಂದು ಪೆಟ್ಟು ಬಿತ್ತು. ಕರ್ನಲ್ ಕುರ್ಚಿಯಿಂದ ಜಾರುತ್ತಿದ್ದಾಗ ಮೇಡಂ ಗಾಬರಿಯಲ್ಲಿ ಅವರ ಬಲಗೈಯನ್ನೇ ಹಿಡಿದು ಮೇಲಕ್ಕೆ ಎಳೆದರು. ಲಕ್ವದ ಕೈಯನ್ನು ಎಳೆಯಬಾರದು ಎಂದು ನಾನು ಸಾರಿ ಸಾರಿ ಹೇಳಿದ್ದೆ. ಆದರೆ ಬೀಳುವ ಗಂಡನನ್ನು ಕಂಡಾಗ ಯಾರಿಗೆ ಪಾಠ ನೆನಪಿರುತ್ತದೆ? ಮಾರನೆಯ ದಿನ ಹೋದಾಗ ಹಸ್ತ ನೀರು ತುಂಬಿದ ಗ್ಲೌಸಿನ ಹಾಗೆ ಊದಿತ್ತು. ಹೆಗಲು ಮುಟ್ಟಿದರೆ ಚೀರುತ್ತಿದ್ದರು. “ನಾನೇ ಎಳೆದೆ,” ಎಂದರು ಮೇಡಂ, ನನ್ನ ಕಣ್ಣನ್ನೇ ನೋಡುತ್ತಾ. ಸಮಜಾಯಿಷಿ ಕೊಡುವ ಅಭ್ಯಾಸ ಅವರಿಗಿರಲಿಲ್ಲ.

ಎಲ್ಲ ವ್ಯಾಯಾಮ ನಿಲ್ಲಿಸಿದೆ. ಕೈಯನ್ನು ಎದೆಗಿಂತ ಎತ್ತರಕ್ಕೆ ದಿಂಬು ಪೇರಿಸಿ ಇಟ್ಟೆ. ಬೆರಳ ತುದಿಯಿಂದ ಮೊಣಕೈಯತ್ತ ಮೆಲ್ಲಗೆ ನೀವಿ ಬಾವು ಇಳಿಸುವುದು, ಹೆಗಲಿನ ಸುತ್ತ ಹರಳುಪ್ಪಿನ ಶಾಖ ಕೊಡುವುದು, ಹೀಗೆ ಆ ತಿಂಗಳೆಲ್ಲ ಕಳೆಯಿತು. ಶಾಖ ಕೊಡುವ ಹೊತ್ತಿನಲ್ಲಿ ಮ್ಝೇ ವರಾಂಡದ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು. ನನ್ನ ಸ್ವಾಹಿಲಿ ತರಕಾರಿ ಅಂಗಡಿಯ ಸ್ವಾಹಿಲಿ, ಆದರೂ ಅವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರಿಂದ ತಿಳಿಯುತ್ತಿತ್ತು. ಕರ್ನಲ್ಲರನ್ನು ಅವರು ಸಿಪಾಯಿಗಳ ಮಾತಿನಲ್ಲಿ ಎಫೆಂದಿ, ಅಂದರೆ ಸಾಹೇಬರು, ಎನ್ನುತ್ತಿದ್ದರು.

“ಎಫೆಂದಿ ಅಲ್ಲಿ ದೊಡ್ಡ ಮನೆಯಲ್ಲಿ ನಿಂತು ಏನು ಭಾಷಣ ಮಾಡಿದರು ಗೊತ್ತಾ, ಮಾಮಾ?” ಇಲ್ಲಿ ಗೃಹಿಣಿಯರಿಗೆಲ್ಲ ಮಾಮಾ ಎನ್ನುವುದು ರೂಢಿ. “ಕೀನ್ಯಾದವರಿಗೆ ಸ್ವಾತಂತ್ರ್ಯ ಈಗಲೇ ಬೇಡ ಅಂತ. ಯಾರೂ ಕೇಳಲಿಲ್ಲ. ನಮಗೆ ಸ್ವಾತಂತ್ರ್ಯ ಬಂತು, ಇವರು ಚುನಾವಣೆಯಲ್ಲಿ ಸೋತರು. ಸೋತು ಎಲ್ಲಿಗೆ ಬಂದರು? ನಮ್ಮ ಹತ್ತಿರವೇ!”

ಅವರು ಕೆಮ್ಮುತ್ತಾ ನಕ್ಕರು. ಕರ್ನಲ್ಲರ ಬಾಯಿಯ ಎಡಗಡೆಯ ಅರ್ಧ ನಕ್ಕಿತು. “ಹಿಯರ್, ಹಿಯರ್.”

ಸಲ್ಯೂಟಿನ ಕಥೆಯನ್ನೂ ಆಗಲೇ ಹೇಳಿದ್ದು.

“ಬರ್ಮಾದಲ್ಲಿ ಗುಂಡು ತಗಲಿ ಎಫೆಂದಿ ಕೆಸರಿನಲ್ಲಿ ಅಂಗಾತ ಬಿದ್ದಿದ್ದರು. ನಾನು ಹೊಸಬ. ಅಧಿಕಾರಿಯ ಮೈ ಮುಟ್ಟಬೇಕಾದರೆ ಅಪ್ಪಣೆ ಕೇಳಬೇಕು ಅಂತ ಸಾರ್ಜೆಂಟ್ ಹೇಳಿಕೊಟ್ಟಿದ್ದ. ಅದಕ್ಕೇ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದೆ. ಸುತ್ತ ಗುಂಡು ಹಾರುತ್ತಿವೆ. ಇವರು ಕೈ ಎತ್ತಲಿಲ್ಲ. ನಾನೂ ಇಳಿಸಲಿಲ್ಲ.”

“ಆಮೇಲೆ?”

“‘ಬಾಸಿ, ಕತ್ತೆ, ಬಾಸಿ! ಎತ್ತಿಕೋ ನನ್ನ!’ ಅಂತ ಕೂಗಿದರು. ಹೆಗಲ ಮೇಲೆ ಹಾಕಿಕೊಂಡು ಹೊಳೆ ದಾಟಿದೆ. ನನ್ನನ್ನು ಇಲ್ಲಿಗೆ ಕರೆಸಿಕೊಂಡ ದಿನ ಎಫೆಂದಿ ಮೊದಲು ಮಾಡಿದ ಕೆಲಸ ಏನು? ಎದ್ದು ನಿಂತು, ಆವತ್ತಿನ ಸಲ್ಯೂಟಿಗೆ ಉತ್ತರ ಕೊಟ್ಟರು. ಅಂದಿನಿಂದ ದಿನಾ ಕೊಡುತ್ತಾ ಬಂದರು.”

ಅವರನ್ನು ಯಾರೂ ಎಲ್ಲಿಗೂ ಹೊತ್ತುಕೊಂಡು ಹೋದದ್ದಿಲ್ಲ ಎಂದ ಮೇಡಂ ಗುಲಾಬಿಯ ಪೊದೆಯ ಬಳಿ ನಮಗೆ ಬೆನ್ನು ಹಾಕಿ ನಿಂತಿದ್ದರು. ಕತ್ತರಿಯ ಸದ್ದು ನಿಂತಿತ್ತು.

ಸೆಪ್ಟೆಂಬರಿಗೆ ಬಾವು ಇಳಿಯಿತು, ನಾವು ಮತ್ತೆ ಕಾಲಿಗೆ ಬಂದೆವು. ಎಡಗೈಯಿಂದ ವಾಕರ್ ಹಿಡಿದು ವರಾಂಡದ ಒಂದು ಕಂಬದಿಂದ ಇನ್ನೊಂದಕ್ಕೆ ನಡೆಯುವುದು. ಮೊಣಕಾಲು ಹಿಂದಕ್ಕೆ ಬಾಗದಂತೆ ನಾನು ಕೈ ಕೊಟ್ಟು ತಡೆಯುತ್ತಿದ್ದೆ. ಡಿಸೆಂಬರಿಗೆ ವಿಮಾನದ ಮೆಟ್ಟಿಲು ಕಷ್ಟ, ಆದರೆ ಅಸಾಧ್ಯವಲ್ಲ ಎಂಬಂತಿತ್ತು. ಅಷ್ಟರಲ್ಲಿ ಮ್ಝೇಯ ಕೆಮ್ಮು ಜೋರಾಯಿತು. ಹಿಂದೆ ಎಂದೋ ಕ್ಷಯ ಬಂದು ಹೋಗಿದ್ದ ಪುಪ್ಪುಸ. ಜುಲೈ ಚಳಿ ಅದರೊಳಗೆ ಕೂತುಬಿಟ್ಟಿತ್ತು.

ಒಂದು ಬೆಳಿಗ್ಗೆ ಅವರು ಮೆಟ್ಟಿಲು ಹತ್ತಿ ಬಂದಾಗಲೇ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ಸಲ್ಯೂಟ್ ಹೊಡೆದರು. ಮೇಡಂ ಒಳಗೆ ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಿದ್ದರು. ಕೆಮ್ಮು ಬಂತು, ಇಡೀ ಮೈ ಅಲ್ಲಾಡಿತು, ಟೋಪಿ ಕೆಳಗೆ ಬಿತ್ತು.

“ಸಾಕು ಮ್ಝೇ, ಬಾಸಿ,” ಎಂದೆ ನಾನು.

ಅವರು ನನ್ನ ಕಡೆ ನೋಡಲೂ ಇಲ್ಲ. ನಾನು ಹೇಳಿದರೆ ಅದು ಲೆಕ್ಕಕ್ಕಿಲ್ಲ. ಬಗ್ಗಿ ಟೋಪಿಯನ್ನು ಎತ್ತಿಕೊಂಡರು; ಟೋಪಿ ಇಲ್ಲದ ತಲೆಯಿಂದ ಸಲ್ಯೂಟ್ ಹೊಡೆಯುವಂತಿಲ್ಲ, ಆದ್ದರಿಂದ ಮೊದಲನೆಯದು ರದ್ದಾಯಿತು. ಟೋಪಿ ಹಾಕಿಕೊಂಡು, ಹಿಮ್ಮಡಿ ಜೋಡಿಸಿ, ಮತ್ತೆ ಹೊಡೆದರು.

ಕರ್ನಲ್ “ನೋ, ನೋ, ನೋ” ಎಂದು ಕೂಗುತ್ತಾ ಏಳಲು ಹೋದರು. ಕಾಲು ಕೈಕೊಟ್ಟಿತು. ನಾನು ಸೊಂಟದ ಬೆಲ್ಟು ಹಿಡಿದು ಕೂರಿಸಿದೆ. ಕೂಗು ಕೇಳಿ ಮೇಡಂ ಓಡಿಬಂದು ಆ ಮಾತು ಹೇಳಿದ ಮೇಲೆ ಮ್ಝೇಯ ಕೈ ಇಳಿಯಿತು. ಅವರು ಹೋದ ಮೇಲೆ ನಾನು ವಾಕರನ್ನು ಮುಂದಕ್ಕೆ ತಂದೆ. “ನೋ,” ಎಂದರು ಕರ್ನಲ್. ತಮ್ಮ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ಹಣೆಗೆ ಒತ್ತಿದರು. ಬಿಟ್ಟರು. ಅದು ಧೊಪ್ಪನೆ ತೊಡೆಯ ಮೇಲೆ ಬಿತ್ತು. ಮತ್ತೆ ಎತ್ತಿ ಒತ್ತಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಆ ದಿನ ಆಸ್ಪತ್ರೆಯಲ್ಲಿ ಬೇರೆ ರೋಗಿಗಳ ಕೈಕಾಲು ಹಿಡಿದಿದ್ದರೂ ನನ್ನ ಯೋಚನೆ ಅದರಲ್ಲೇ ಇತ್ತು. ಸಲ್ಯೂಟ್ ಎಂದರೇನು? ಹೆಗಲು ಪಕ್ಕಕ್ಕೆ ಎತ್ತಬೇಕು, ತೋಳು ಹೊರಕ್ಕೆ ತಿರುಗಬೇಕು, ಅಂಗೈ ಮುಂದಕ್ಕೆ ತೋರಬೇಕು, ಬೆರಳು ನೇರವಾಗಬೇಕು. ಲಕ್ವ ಹೊಡೆದ ಕೈ ಇದರ ತದ್ವಿರುದ್ಧ: ಹೆಗಲು ಪಕ್ಕೆಗೆ ಅಂಟುತ್ತದೆ, ತೋಳು ಒಳಕ್ಕೆ ತಿರುಗುತ್ತದೆ, ಬೆರಳು ಮುಷ್ಟಿಯಾಗುತ್ತದೆ. ಪಾರ್ಶ್ವವಾಯು ಬೇಡವೆನ್ನುವುದನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಸಲ್ಯೂಟ್ ಆಗುತ್ತದೆ. ಉಳಿದಿದ್ದ ವಾರಗಳಲ್ಲಿ ಕಾಲು, ಕೈ ಎರಡೂ ಆಗುವಂತಿರಲಿಲ್ಲ. ಎಂಬತ್ತರ ಹತ್ತಿರದ ದೇಹಕ್ಕೆ ದಿನಕ್ಕೆ ಇಷ್ಟೇ ಎಂದು ಶಕ್ತಿ ಇರುತ್ತದೆ.

ಮಾರನೆಯ ಬೆಳಿಗ್ಗೆ ಮೇಡಂಗೆ ನೇರವಾಗಿ ಹೇಳಿದೆ. “ಇನ್ನು ಮೇಲೆ ಕೈಯ ಕೆಲಸ ಮಾಡುತ್ತೇನೆ. ಹಾಗೆ ಮಾಡಿದರೆ ಡಿಸೆಂಬರಿಗೆ ಮೆಟ್ಟಿಲು ಹತ್ತುವುದು ಆಗಲಿಕ್ಕಿಲ್ಲ. ಕೈಯೂ ಬರುತ್ತದೆ ಎಂದು ಮಾತು ಕೊಡಲಾರೆ.”

“ನಾನು ನಿಮ್ಮನ್ನು ಕರೆಸಿದ್ದು ಯಾವುದಕ್ಕೆ?”

“ನಡೆಸುವುದಕ್ಕೆ.”

“ಮತ್ತೆ?”

“ಅವರು ಕೇಳುತ್ತಿರುವುದು ಬೇರೆ, ಮೇಡಂ.”

ಮೇಡಂ ಒಳಗೆ ಹೋದರು. ಕೆಲಸ ಹೋಯಿತು ಎಂದುಕೊಂಡು ನಾನು ಟವೆಲ್ಲು ಮಡಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಅವರು ಹೊರಗೆ ಬಂದು, ಕರ್ನಲ್ಲರ ಮಿಲಿಟರಿ ಟೋಪಿಯನ್ನು ಮೇಜಿನ ಮೇಲೆ ಇಟ್ಟು, ತೋಟಕ್ಕೆ ಇಳಿದರು. ಟೋಪಿಗೆ ಬ್ರಷ್ ಹಾಕಿ ಧೂಳು ತೆಗೆದಿದ್ದರು.

ಅಂದಿನಿಂದ ಕ್ರಮ ಬದಲಾಯಿತು. ಮೊದಲು ಬೆನ್ನಿನ ರೆಕ್ಕೆಮೂಳೆಯ ಕೆಳಗೆ ಬೆರಳು ಇಳಿಸಿ ಅದನ್ನು ಸಡಿಲ ಮಾಡುವುದು. ಅದು ಜಾರದಿದ್ದರೆ ತೋಳು ಮೇಲೇಳದು. ಆಮೇಲೆ ಊಟದ ಮೇಜಿನ ಮೇಲೆ ಟವೆಲ್ಲು ಹಾಸಿ, ಅದರ ಮೇಲೆ ಹಸ್ತವಿಟ್ಟು, ಮೇಜು ಒರೆಸುವ ಹಾಗೆ ಮುಂದಕ್ಕೆ ಪಕ್ಕಕ್ಕೆ ಜಾರಿಸುವುದು. ಮುಷ್ಟಿ ಬಿಡಿಸಲು ಐಸ್ ನೀರಿನಲ್ಲಿ ಕೈ ಅದ್ದುವುದು. ಹೆಬ್ಬೆರಳ ಬುಡದಿಂದ ಹಿಡಿದರೆ ಬೆರಳು ತಾನಾಗಿ ತೆರೆಯುತ್ತದೆ, ತುದಿ ಹಿಡಿದು ಎಳೆದರೆ ಇನ್ನೂ ಬಿಗಿಯುತ್ತದೆ. ಕೊನೆಗೆ ವರಾಂಡದ ತೊಲೆಗೆ ಕಟ್ಟಿದ ರಾಟೆ: ಎಡಗೈ ಹಗ್ಗ ಎಳೆದರೆ ಬಲಗೈ ಏಳುತ್ತದೆ.

ಮ್ಝೇ ತಾವೇ ಡ್ರಿಲ್ ಮಾಸ್ತರರಾದರು. ಕಂಬಳಿ ಹೊದ್ದು ಮೆಟ್ಟಿಲ ಮೇಲೆ ಕೂತು ಕೂಗುತ್ತಿದ್ದರು.

“ಮೊಣಕೈ, ಎಫೆಂದಿ, ಮೊಣಕೈ! ಸತ್ತ ಕೋಳಿಯ ರೆಕ್ಕೆ ಥರ ಇದೆ. ಹೀಗೆ ಹೊಡೆದಿದ್ದರೆ ನಮ್ಮ ಸಾರ್ಜೆಂಟ್ ನಿಮ್ಮನ್ನು ಕಕ್ಕಸು ತೊಳೆಯಲು ಹಾಕುತ್ತಿದ್ದ.” ನನ್ನ ಕಡೆ ತಿರುಗಿ, “ಕೈ ಮೇಲೆ ಹೋಗುವಾಗ ಉದ್ದದ ದಾರಿ, ಮಾಮಾ. ಕೆಳಗೆ ಬರುವಾಗ ಗಿಡ್ಡ ದಾರಿ. ಅದೇ ಸಲ್ಯೂಟ್,” ಎಂದರು.

ಕರ್ನಲ್ ಬೆವರುತ್ತಾ ಹಲ್ಲು ಕಚ್ಚುತ್ತಿದ್ದರು. ಅಳತೆಗೆ ನಾವು ಅವರ ಅಂಗಿಯ ಗುಂಡಿಗಳನ್ನೇ ಇಟ್ಟುಕೊಂಡೆವು. ಹೊಟ್ಟೆಯ ಗುಂಡಿ ಮುಟ್ಟಿದ ದಿನ ಮೇಡಂ ಎಲ್ಲರಿಗೂ ಕೇಕು ಕೊಟ್ಟರು. ಎದೆಯ ಗುಂಡಿಗೆ ಬರುವ ಹೊತ್ತಿಗೆ ನವೆಂಬರಿನ ಮಳೆ ಶುರುವಾಗಿತ್ತು. ಕೈ ಕಾಲರಿನ ಗುಂಡಿ ಮುಟ್ಟಿದ ಬೆಳಿಗ್ಗೆ ಮೆಟ್ಟಿಲ ಮೇಲೆ ಮ್ಝೇ ಇರಲಿಲ್ಲ. ನ್ಯುಮೋನಿಯಾ ಎಂದು ಹಿಂದಿನ ಸಂಜೆಯೇ ಮೇಡಂ ಕಾರಿನಲ್ಲಿ ನಮ್ಮ ಆಸ್ಪತ್ರೆಗೆ ಸೇರಿಸಿ ಬಂದಿದ್ದರು.

ಪಾಳಿಗೆ ಹೋದಾಗ ವಾರ್ಡಿಗೆ ಹೋಗಿ ನೋಡಿದೆ. ಆ ವಾರ್ಡಿನ ಸಿಸ್ಟರ್ ಮಂಗಳೂರಿನವರು, ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ಚಾರ್ಟು ನೋಡದೆಯೇ ಹೇಳಿದರು, “ಲಂಗ್ಸ್ ಎರಡೂ ತುಂಬಿದೆ ಮಾರಾಯ್ತಿ. ನೋಡುವವರು ಯಾರಾದರೂ ಇದ್ದರೆ ಬೇಗ ಬರ್ಲಿಕ್ಕೆ ಹೇಳು.”

ಮರುದಿನ ಕರ್ನಲ್ಲರ ಕೈ ಕಿವಿಯ ತನಕ ಬಂತು. ಮೊಣಕೈಗೆ ನನ್ನ ಅಂಗೈ ಆಧಾರ ಕೊಟ್ಟರೆ ಹಣೆಯ ಹತ್ತಿರ ಬರುತ್ತಿತ್ತು, ಆದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ. ಇನ್ನೊಂದು ವಾರ ಸಿಕ್ಕಿದ್ದರೆ ಎಂದು ನಾನು ಅಂದುಕೊಂಡೆ; ಆ ವಾರ ಇರಲಿಲ್ಲ. ಮೇಡಂಗೆ ಸಿಸ್ಟರ್ ಹೇಳಿದ್ದನ್ನು ತಿಳಿಸಿದೆ. ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟು, “ಕಾರು ತರುತ್ತೇನೆ,” ಎಂದರು.

ಕರ್ನಲ್ಲರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ವಾರ್ಡಿನ ಬಾಗಿಲಿಗೆ ಹೋದಾಗ ಸಿಸ್ಟರ್ ಅಡ್ಡ ನಿಂತರು.

“ಎಂತದು ಇದು? ವಿಸಿಟಿಂಗ್ ಅವರ್ಸ್ ಅಲ್ಲ ಈಗ. ಡಾಕ್ಟ್ರು ರೌಂಡ್ಸಿಗೆ ಬರ್ಲಿಕ್ಕುಂಟು.” ಆಮೇಲೆ ಗಾಲಿಕುರ್ಚಿಯಲ್ಲಿದ್ದವರ ತಲೆಯನ್ನು ನೋಡಿ ದನಿ ತಗ್ಗಿಸಿದರು. “ಆ ಟೋಪಿ ಎಂತಕ್ಕೆ?”

“ಒಂದು ಸಲ್ಯೂಟ್ ಬಾಕಿ ಇದೆ, ಸಿಸ್ಟರ್.”

“ನಿಂಗೆ ಮಂಡೆ ಸಮ ಇಲ್ಲ,” ಎಂದರು. ಪಕ್ಕಕ್ಕೆ ಸರಿದರು. “ಪರದೆ ಎಳ್ಕೊಳ್ಳಿ. ನಾನು ನೋಡ್ಲೇ ಇಲ್ಲ.”

ಮಂಚದ ಪಕ್ಕದ ಸ್ಟೂಲಿನ ಮೇಲೆ ಮ್ಝೇಯ ಹೆಂಡತಿ ಕೂತಿದ್ದರು, ಲೇಸೋ ಬಟ್ಟೆ ಹೊದ್ದು, ಮಡಿಲಲ್ಲಿ ಗಂಡನ ಟೋಪಿ ಇಟ್ಟುಕೊಂಡು. ಮ್ಝೇಯ ಮೂಗಿಗೆ ಆಕ್ಸಿಜನ್, ಎಡಗೈಗೆ ಡ್ರಿಪ್. ಕಣ್ಣು ಅರ್ಧ ತೆರೆದಿತ್ತು. ಎಷ್ಟು ಕಾಣಿಸುತ್ತಿತ್ತೋ ತಿಳಿಯದು.

ನಾನು ಬ್ರೇಕು ಹಾಕಿ, ಸೊಂಟದ ಬೆಲ್ಟು ಹಿಡಿದು, ಮೊಣಕಾಲಿಗೆ ಮೊಣಕಾಲು ಕೊಟ್ಟು ಕರ್ನಲ್ಲರನ್ನು ಎಬ್ಬಿಸಿದೆ. ಎಡಬದಿಗೆ ಮೇಡಂ ನಿಂತರು. ಇಷ್ಟು ದಿನದಲ್ಲಿ ಮೊದಲ ಸಲ, ನಾನು ಹೇಳದೆ, ಅವರು ಸರಿಯಾದ ಜಾಗದಲ್ಲಿ ಹಿಡಿದರು. ನಾನು ಬಲಕ್ಕೆ ಬಂದು ಮೊಣಕೈಯ ಕೆಳಗೆ ಅಂಗೈ ಇಟ್ಟೆ. “ಒಂದು,” ಎಂದೆ.

ಕೈ ಎದ್ದಿತು. ಹೊಟ್ಟೆಯ ಗುಂಡಿ, ಎದೆಯ ಗುಂಡಿ, ಕಾಲರು. ಪಕ್ಕಕ್ಕೆ ಹೋಯಿತು, ಉದ್ದದ ದಾರಿಯನ್ನೇ ಹಿಡಿಯಿತು. ನನ್ನ ಅಂಗೈಯ ಮೇಲಿನ ಭಾರ ಕಡಿಮೆಯಾದದ್ದು ಗೊತ್ತಾಯಿತು, ಅವರು ತಾವೇ ಎತ್ತುತ್ತಿದ್ದರು. ಕಿವಿ. ಟೋಪಿಯ ಅಂಚು. ಅಲ್ಲಿ ಮುಷ್ಟಿ ಬಿಚ್ಚಿತು, ಪೂರ್ತಿಯಲ್ಲ, ಎರಡು ಬೆರಳು ನೇರವಾದವು. ಮೇಲಿನವನು ಕೆಳಗಿನವನಿಗೆ ಮೊದಲು ಸಲ್ಯೂಟ್ ಹೊಡೆದದ್ದನ್ನು ಆ ಮನೆಯ ಪದ್ಧತಿಯಲ್ಲಿ ಅಂದೇ ಕಂಡದ್ದು.

ಕರ್ನಲ್ ಕಾದರು. ಮ್ಝೇಯ ಕೈ ಹಾಸಿಗೆಯ ಮೇಲೆ ಅಲ್ಲಾಡಲಿಲ್ಲ. ಕರ್ನಲ್ಲರ ತೋಳಿನ ಭಾರ ನನ್ನ ಕೈಗೆ ಮರಳಿತು. “ಸಾಕು, ಡಿಯರ್,” ಎಂದರು ಮೇಡಂ. “ನೋ,” ಎಂದರು ಅವರು. ಉತ್ತರ ಬರದೆ ಕೈ ಇಳಿಸುವಂತಿಲ್ಲ.

ಮ್ಝೇಯ ಹೆಂಡತಿ ನಮ್ಮನ್ನು ನೋಡುತ್ತಿದ್ದರು. ನನ್ನ ಅಂಗೈ ಎಲ್ಲಿದೆ ಎಂಬುದನ್ನೂ ನೋಡಿದರು. ಅವರು ಎದ್ದರು. ಮಡಿಲಿನ ಟೋಪಿಯನ್ನು ಗಂಡನ ತಲೆಯ ಮೇಲೆ, ಆಕ್ಸಿಜನ್ ನಳಿಕೆಗೆ ತಗುಲದಂತೆ, ಇಟ್ಟರು. ಆಮೇಲೆ ನಾನು ಹಿಡಿದ ಹಾಗೆಯೇ ಗಂಡನ ಬಲಮೊಣಕೈಯ ಕೆಳಗೆ ಅಂಗೈ ಕೊಟ್ಟು, ಇನ್ನೊಂದು ಕೈಯಿಂದ ಬೆರಳುಗಳನ್ನು ನೇರ ಹಿಡಿದು, ಆ ಕೈಯನ್ನು ಮೆಲ್ಲಗೆ ಟೋಪಿಯ ಅಂಚಿಗೆ ಒಯ್ದರು.

ಕರ್ನಲ್ಲರ ಬಾಯಿ ತೆರೆಯಿತು. ಹೇಳಬೇಕಾದ ಮಾತು ಯಾವುದೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು.

“ಹಿಯರ್, ಹಿಯರ್,” ಎಂದರು.

ಯಾರೂ ನಗಲಿಲ್ಲ. ಮ್ಝೇಯ ಹೆಂಡತಿ ಕರ್ನಲ್ಲರ ಮುಖ ನೋಡಿ, ಗಂಡನ ಮುಖ ನೋಡಿ, ಇಬ್ಬರಿಗೂ ಸೇರಿಸಿ ಹೇಳಿದರು: “ಬಾಸಿ.” ಎರಡು ಕೈಗಳೂ ಇಳಿದವು. ಅಪ್ಪಣೆ ಸಿಕ್ಕಿತು ಎಂಬಂತೆ ಕರ್ನಲ್ ಆಮೇಲೆ ಮುಂದಕ್ಕೆ ಬಾಗಿ, ಎಡಗೈಯಿಂದ ಮ್ಝೇಯ ಹೆಗಲನ್ನು ಮುಟ್ಟಿದರು. ಹೊಳೆ ದಾಟುವಾಗ ತಮ್ಮನ್ನು ಹೊತ್ತ ಹೆಗಲು ಅದೇ ಇರಬೇಕು.

ಮ್ಝೇ ಆ ರಾತ್ರಿಯೇ ತೀರಿಕೊಂಡರು. ಮಚಾಕೋಸ್‌ನ ಅವರ ಹಳ್ಳಿಗೆ ಮಳೆಯಲ್ಲಿ ಕಾರು ಹೋಗುವ ದಾರಿ ಇರಲಿಲ್ಲ; ಮಣ್ಣಿಗೆ ಮೇಡಂ ಒಬ್ಬರೇ ಜೀಪಿನಲ್ಲಿ ಹೋಗಿ ಬಂದರು.

ಆ ಕೈ ಮತ್ತೆ ಏಳಲಿಲ್ಲ. ರಾಟೆಯ ಹಗ್ಗ ಕೊಟ್ಟರೆ “ನೋ” ಎನ್ನುತ್ತಿದ್ದರು. ವಾಕರ್ ತಂದರೆ ಸುಮ್ಮನೆ ನಡೆಯುತ್ತಿದ್ದರು, ಹೇಳಿದಷ್ಟು ದೂರ, ಆದರೆ ಅದಕ್ಕೆ ಹೊತ್ತು ಮೀರಿತ್ತು. ಡಿಸೆಂಬರಿನಲ್ಲಿ ಅವರನ್ನು ಕುರ್ಚಿಯ ಸಮೇತ ನಾಲ್ಕು ಜನ ವಿಮಾನಕ್ಕೆ ಹೊತ್ತರು. ಬೀಳ್ಕೊಡಲು ಹೋಗಿದ್ದ ನನಗೆ ಮೇಡಂ ಕೈ ಕುಲುಕಿ, “ಪರವಾಗಿಲ್ಲ. ಅವರನ್ನು ಹಿಂದೆಯೂ ಹೊತ್ತಿದ್ದಾರೆ,” ಎಂದರು.

ಆದರೆ ನನಗೆ ಹೆಚ್ಚು ನೆನಪಾಗುವುದು ಮ್ಝೇ ತೀರಿಕೊಂಡ ಮೇಲೆ, ವಿಮಾನಕ್ಕೆ ಮುಂಚಿನ ಬೆಳಗುಗಳು. ನಾನು ಹೋಗುವ ಹೊತ್ತಿಗೆ ಕರ್ನಲ್ ಟೋಪಿ ಹಾಕಿಕೊಂಡು ಕೂತಿರುತ್ತಿದ್ದರು, ಮೆಟ್ಟಿಲ ಕಡೆ ನೋಡುತ್ತಾ. ಮಳೆ ನಿಂತ ಅಂಗಳದಲ್ಲಿ ಯಾರೂ ಇರುತ್ತಿರಲಿಲ್ಲ. ಒಳಗಿನಿಂದ ಮೇಡಂ ಹೊರಗೆ ಬರುತ್ತಿರಲಿಲ್ಲ. ಆ ಮಾತು ಹೇಳಲು ಅವರಿಂದ ಆಗುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, “ಬಾಸಿ, ಎಫೆಂದಿ,” ಎನ್ನುತ್ತಿದ್ದೆ. ಈಗ ನಾನು ಹೇಳಿದರೂ ಲೆಕ್ಕಕ್ಕಿತ್ತು. ಅವರು ಎಡಗೈಯಿಂದ ಟೋಪಿ ತೆಗೆದು, ದಿಂಬಿನ ಮೇಲಿದ್ದ ಬಲಗೈಯ ಮೇಲೆ ಮುಚ್ಚುತ್ತಿದ್ದರು.